ದೂರ ಹೋಗದ ಹಿಟ್ಟು

ಮುಂಬೈಯಿಂದ ಬೆಂಗಳೂರಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ ದಾಟಿದ ಮೇಲೆ ದೌಂಡ ಜಂಕ್ಷನ್ನಿಗೆ ಬರುತ್ತದೆ. ಚಹಾ ಹಿಡಿದ ಪ್ರಯಾಣಿಕರ ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇರುತ್ತದೆ, ಸಾಮಾನ್ಯವಾಗಿ ಮೈದಾದ್ದು. ಆದರೆ ಇಲ್ಲಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರಿನವರೆಗೆ ರೈಲು ಹಾಯುವುದು ಜೋಳದ ಸೀಮೆಯಲ್ಲಿ. ಹೆಸರಾಂತ ಮಾಲದಂಡಿ ತಳಿ ಎಂ-35-1 ಅನ್ನು ಆರಿಸಿ ತೆಗೆದ ಮೋಹೋಳ ಕೂಡ ಇದೇ ಹಳಿಯ ಮೇಲಿನ ಊರು. ಹಾಗಿದ್ದರೆ ಪೊಟ್ಟಣದೊಳಗೆ ಜೋಳ ಏಕೆ ಸೇರಲಿಲ್ಲ? ಮನೆಯಲ್ಲಿ ಸಿರಿಧಾನ್ಯದ ಕುಕಿ ಮಾಡಲು ಹೊರಟವರಿಗೆ ಈ ಪ್ರಶ್ನೆಯ ಉತ್ತರ ಉಪಯೋಗಕ್ಕೆ ಬರುತ್ತದೆ.

ಬಿಸ್ಕತ್ತಿಗೆ ಜೋಳ ಒಗ್ಗುವುದಿಲ್ಲ ಎನ್ನುವಂತಿಲ್ಲ. ಬ್ರೆಡ್ಡು ಉಬ್ಬಲು ಗೋಧಿಯ ಗ್ಲುಟೆನ್ ಬೇಕು. ಬಿಸ್ಕತ್ತಿನಲ್ಲಿ ಅದರ ಬಿಗಿ ಹೆಚ್ಚಾದರೆ ಹಲ್ಲಿಗೆ ಕೆಲಸ. ಅದಕ್ಕೇ ನಾನ್‌ಖಟಾಯಿ ಮಾಡುವವರು ಹಿಟ್ಟನ್ನು ಹೆಚ್ಚು ನಾದುವುದಿಲ್ಲ. ಅನೇಕರು ಗ್ಲುಟೆನ್ ಇಲ್ಲದ ಕಡಲೆಹಿಟ್ಟನ್ನೂ ಬೆರೆಸುತ್ತಾರೆ. ಜೋಳದಲ್ಲಂತೂ ಗ್ಲುಟೆನ್ನೇ ಇಲ್ಲ.

ಅಡ್ಡಿಯಾದದ್ದು ಬಾಳಿಕೆ. ಕಾಳಿನ ಮೊಳಕೆಯೊಡೆಯುವ ಭಾಗದಲ್ಲಿ ಎಣ್ಣೆಯಂಶವಿರುತ್ತದೆ. ಬೀಸಿದಾಗ ಅದು ಹಿಟ್ಟಿನಲ್ಲಿ ಬೆರೆತು, ಗಾಳಿ ತಾಗಿ, ದಿನ ಕಳೆದಂತೆ ಕಮಟಾಗುತ್ತದೆ. ಹಳೆಯ ಜೋಳದ ಹಿಟ್ಟಿಗೆ ಜಿಗಿ ಇಲ್ಲ, ರೊಟ್ಟಿ ಬಿರಿಯುತ್ತದೆ ಎಂಬುದನ್ನು ಉತ್ತರ ಕರ್ನಾಟಕದ ಯಾವ ಅಡುಗೆಮನೆಗೂ ಹೇಳಿಕೊಡಬೇಕಿಲ್ಲ. ಗೋಧಿಯ ವಿಷಯದಲ್ಲಿ ಇದಕ್ಕೆ ಪರಿಹಾರ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ. ಹಂಗೇರಿಯಲ್ಲಿ ಬೆಳೆದ ರೋಲರ್ ಗಿರಣಿಗಳು ತವುಡನ್ನೂ ಮೊಳಕೆಯ ಭಾಗವನ್ನೂ ಬೇರ್ಪಡಿಸಿ, ತಿಂಗಳುಗಟ್ಟಲೆ ಕೆಡದ ಬಿಳಿ ಹಿಟ್ಟನ್ನು ಕೊಟ್ಟವು.

ಅಷ್ಟರಲ್ಲಿ ಹಳಿಗಳೂ ಸಿದ್ಧವಾಗಿದ್ದವು. ರೈಲು ಪುಣೆಗೆ 1858ರಲ್ಲಿ, ಸೊಲ್ಲಾಪುರಕ್ಕೆ 1860ರಲ್ಲಿ, ರಾಯಚೂರಿಗೆ 1871ರಲ್ಲಿ ಬಂತು. 1878ರಲ್ಲಿ ದೌಂಡದಿಂದ ಮನಮಾಡಕ್ಕೆ ಕವಲು ಹೊರಟಿತು. ದೂರ ಸಾಗಿಸಿ, ಗೋದಾಮಿನಲ್ಲಿಟ್ಟು, ಅಂಗಡಿಯಲ್ಲಿ ಮಾರುವ ವ್ಯಾಪಾರಕ್ಕೆ ಬಾಳುವ ಹಿಟ್ಟೇ ಬೇಕು. 1937ರಲ್ಲಿ ಬಂದ ಡಾಲ್ಡಾ ಬಾಳುವ ಕೊಬ್ಬನ್ನೂ ಒದಗಿಸಿತು. 1956ರ ಪಿಎಲ್-480 ಒಪ್ಪಂದದ ನಂತರ ಅಮೆರಿಕದ ಗೋಧಿ ಹಡಗುಗಳಲ್ಲಿ ಬಂತು. ಜೋಳ ಬಡವರ ರೊಟ್ಟಿಯಾಗಿ ಮನೆಯಲ್ಲೇ ಉಳಿಯಿತು.

ದೌಂಡ ತಾಲ್ಲೂಕಿನ ಹೊಲಗಳೂ ಬದಲಾದವು. ಖಡಕವಾಸಲಾ ಅಣೆಕಟ್ಟಿನ ಕಾಲುವೆ ನೀರು ಬಂದಲ್ಲಿ ಕಬ್ಬು ಬಂತು. ಪಾಟಸದಲ್ಲಿ ಸಕ್ಕರೆ ಕಾರ್ಖಾನೆ, ಕೇಡಗಾಂವದ ಸುತ್ತ ಆಲೆಮನೆಗಳು ಎದ್ದವು. ಹಾಗಾಗಿ ‘ಆರೋಗ್ಯದ ಕುಕಿ’ಗೆ ಬೇಕೆನ್ನುವ ಜೋಳ, ಬೆಲ್ಲ ಎರಡೂ ಇಲ್ಲೇ ಸಿಗುತ್ತವೆ. ಇಲ್ಲೊಂದು ಎಚ್ಚರಿಕೆ: ಬೆಲ್ಲವೂ ಬಹುಪಾಲು ಸಕ್ಕರೆಯೇ. ‘ಬೆಲ್ಲದ್ದು, ತಿನ್ನಿ ಪರವಾಗಿಲ್ಲ’ ಎಂದು ಮಧುಮೇಹವಿರುವ ಹಿರಿಯರ ಮುಂದೆ ಡಬ್ಬಿ ಇಡುವುದು ಪ್ರೀತಿಯಿಂದ ಮಾಡುವ ತಪ್ಪು. ಜೋಳದಿಂದ ಸಿಗುವುದು ನಾರು ಮತ್ತು ಖನಿಜಾಂಶ. ಸಿಹಿ ಕಡಿಮೆಯಾಗುವುದು ನಾವು ಕಡಿಮೆ ಹಾಕಿದಾಗ ಮಾತ್ರ.

ಮನೆಯ ಬಿಸ್ಕತ್ತು ಹೊಸ ಸಂಗತಿಯೇನಲ್ಲ. ಓವನ್ ಇಲ್ಲದ ಕಾಲದಲ್ಲಿ ಮಹಾರಾಷ್ಟ್ರದ ಊರುಗಳಲ್ಲಿ ದೀಪಾವಳಿಗೆ ಮುಂಚೆ ಹಿಟ್ಟು, ತುಪ್ಪ, ಸಕ್ಕರೆ ಹೊತ್ತು ಬೇಕರಿಗೆ ಹೋಗಿ, ಅಲ್ಲಿನ ಭಟ್ಟಿಯಲ್ಲಿ ನಾನ್‌ಖಟಾಯಿ ಸುಡಿಸಿಕೊಂಡು ಬರುವ ರೂಢಿಯಿತ್ತು. ಭಟ್ಟಿ ಬೇಕರಿಯದು, ಸಾಮಗ್ರಿ ನಮ್ಮದು. ಒಳಗೇನು ಬಿದ್ದಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು.

ಈಗ ಮಾಡುವವರಿಗೆ ಒಂದು ಅಳತೆ: ಒಂದು ಬಟ್ಟಲು ಜೋಳದ ಹಿಟ್ಟನ್ನು ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಹುರಿದು ಆರಿಸಿ. ಹಿಡಿತಕ್ಕೆ ಅರ್ಧ ಬಟ್ಟಲು ಇಡೀ ಗೋಧಿಯ ಹಿಟ್ಟು, ಜೊತೆಗೆ ಅರ್ಧ ಬಟ್ಟಲು ತುಪ್ಪ, ಅರ್ಧ ಬಟ್ಟಲಿಗೂ ತುಸು ಕಡಿಮೆ ಬೆಲ್ಲದ ಪುಡಿ, ಚಿಟಿಕೆ ಸೋಡಾ, ಏಲಕ್ಕಿ. ಬೇಕಾದರೆ ಒಂದೆರಡು ಚಮಚ ಹಾಲು. ನಾದದೆ ಕೂಡಿಸಿ, ಅರ್ಧ ಗಂಟೆ ತಣ್ಣಗಿಟ್ಟು, 170 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸಿ. ಬಿಸಿಯಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಆರಿದ ಮೇಲೆ ತೆಗೆಯಿರಿ.

ಹಿಟ್ಟು ಮಾತ್ರ ಆ ವಾರ ಗಿರಣಿಯಲ್ಲಿ ಬೀಸಿಸಿದ್ದಾಗಿರಲಿ. ಹೆಚ್ಚು ಮಾಡಿಡಬೇಡಿ. ಬೇಗ ಕೆಡುತ್ತದೆ ಎಂದು ವ್ಯಾಪಾರ ಕೈಬಿಟ್ಟ ಹಿಟ್ಟು ಇದು. ಮನೆಯ ಡಬ್ಬಿಗೆ ಆ ದೋಷ ದೋಷವಲ್ಲ. ಅಲ್ಲಿಯ ಬಿಸ್ಕತ್ತು ಅಡುಗೆಮನೆಯಿಂದ ಜಗಲಿಯವರೆಗೆ ಹೋದರೆ ಸಾಕು.