ತೂಮಾ ಎಂಬ ಪದದ ಜಾಡು

ಮಧ್ಯ ಆಫ್ರಿಕಾ ಗಣರಾಜ್ಯದ ನೈರುತ್ಯದಿಂದ ಕಾಂಗೋ ಗಣರಾಜ್ಯದ ಉತ್ತರದವರೆಗೆ ಹಬ್ಬಿದ ಮಳೆಕಾಡಿನ ಅಕಾ ಜನರು ಆನೆಬೇಟೆಯಲ್ಲಿ ಪಳಗಿದವನನ್ನು ‘ತೂಮಾ’ ಎನ್ನುತ್ತಾರೆ. ಈಟಿ ಹಿಡಿದು ಆನೆಯ ಹತ್ತಿರಕ್ಕೇ ಹೋಗಬಲ್ಲವನು ಅವನು. ಬೇಟೆಯ ಹೊತ್ತಿನಲ್ಲಿ ಉಳಿದವರು ಅವನ ಮಾತು ಕೇಳುತ್ತಾರೆ. ಆದರೆ ಅವನು ಯಾರಿಗೂ ಒಡೆಯನಲ್ಲ. ಮನ್ನಣೆಯು ಅಧಿಕಾರವಾಗಿ ಗಟ್ಟಿಗೊಳ್ಳದಂತೆ ನೋಡಿಕೊಳ್ಳುವ ಸಮಾಜ ಅದು. ಇಷ್ಟು ಹೇಳಿದರೆ ಪದದ ಅರ್ಥ ಮುಗಿಯುತ್ತದೆ, ಚರಿತ್ರೆ ಮುಗಿಯುವುದಿಲ್ಲ. ಅಕಾ ಬಾಂಟು ಬಳಗದ ಭಾಷೆ. ಬಹುಮಟ್ಟಿಗೆ ಸಾಂಘಾ ನದಿಯ ಪಶ್ಚಿಮದಲ್ಲಿ, ಕ್ಯಾಮರೂನಿನ ಕಾಡುಗಳಲ್ಲಿ ನೆಲೆಸಿರುವ ಬಾಕಾ ಜನರ ಭಾಷೆ ಉಬಂಗಿ ಬಳಗದ್ದು. ಹೀಗೆ ಬಳಗವೇ ಬೇರೆಯಾದರೂ ಆನೆಬೇಟೆಗಾರನಿಗೆ ಬಾಕಾದಲ್ಲಿಯೂ ಇದೇ ಹೆಸರು.

ಒಂದೇ ಪದವಾಗಿದ್ದರೆ ಕಾಕತಾಳೀಯವೆಂದು ಬಿಡಬಹುದಿತ್ತು. ಫ್ರೆಂಚ್ ವಿದ್ವಾಂಸ ಸೆರ್ಜ್ ಬಹುಶೆ ಎರಡೂ ಭಾಷೆಗಳನ್ನು ಹೋಲಿಸಿದಾಗ ಸುಮಾರು ಐದನೇ ಒಂದು ಭಾಗದಷ್ಟು ಪದಗಳು ಸಮಾನವಾಗಿ ಕಂಡವು. ಅವುಗಳಲ್ಲಿ ಬಹುಪಾಲು ಕಾಡಿನ ಗಿಡಮರ, ಪ್ರಾಣಿ, ಜೇನು, ಬೇಟೆಗೆ ಸೇರಿದವು. ಈ ಎರಡೂ ಜನಾಂಗಗಳ ಹಿರಿಯರು ಹಿಂದೆ ಒಂದೇ ಸಮುದಾಯವಾಗಿದ್ದರು ಎಂಬುದು ಅವರ ವಾದ. ನೆರೆಯವರಾಗಿ ಪರಸ್ಪರ ಎರವಲು ಪಡೆದಿರಬಾರದೇಕೆ ಎಂದು ಕೇಳಬಹುದು. ಆದರೆ ಇಂದು ಅವರು ಹೆಚ್ಚು ಬೆರೆಯುವುದಿಲ್ಲ. ಎರವಲಾದರೂ ಅದು ಬಹಳ ಹಳೆಯ ಒಡನಾಟದ್ದೇ ಆಗಿರಬೇಕು. ಈ ಜನರು ತಮ್ಮ ಭಾಷೆಯನ್ನು ಕೃಷಿಕ ನೆರೆಯವರಿಂದ ಕಲಿತವರು, ತಮ್ಮದೆಂಬ ಮಾತೇ ಅವರಿಗೆ ಇರಲಿಲ್ಲ ಎನ್ನುವವರೂ ಇದ್ದಾರೆ. ಆದರೆ ಮಧ್ಯ ಆಫ್ರಿಕಾ ಗಣರಾಜ್ಯದ ಲೊಬಾಯೆ ಪ್ರದೇಶವನ್ನೇ ನೋಡಿ: ಅಲ್ಲಿ ಅಕಾ ಜನರ ನೆರೆಯವರಾದ ನ್‌ಗ್ಬಾಕಾ ರೈತರ ಭಾಷೆ ಉಬಂಗಿ ಬಳಗದ್ದು, ಅಕಾ ಜನರದು ಬಾಂಟು. ಕ್ಯಾಮರೂನಿನಲ್ಲಿ ಇದು ತಿರುಗುಮುರುಗು: ಬಾಕಾ ಜನರ ಸುತ್ತ ಹೆಚ್ಚಾಗಿ ಬಾಂಟು ಭಾಷಿಕರೇ. ಎಂದೋ ಕಲಿತ ಭಾಷೆಯನ್ನು ಬೇರೆ ಊರವರ ನಡುವೆಯೂ ಉಳಿಸಿಕೊಂಡು ಸಾಗಿಬಂದವರನ್ನು ಬರಿಯ ಅನುಕರಣೆಯವರೆನ್ನುವುದು ಅನ್ಯಾಯ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹಂಚಿಕೊಂಡ ಪದಗಳಿಂದ ಕಳೆದುಹೋದ ಇಡೀ ಭಾಷೆಯೊಂದನ್ನು ಕಟ್ಟಲಾಗದು. ಇದನ್ನು ಒಪ್ಪಲೇಬೇಕು; ಪದಗಳಷ್ಟೇ ಉಳಿದಿವೆ, ಅವುಗಳನ್ನು ಪೋಣಿಸಿದ ವ್ಯಾಕರಣ ಉಳಿದಿಲ್ಲ. ಆದರೆ ಉಳಿದವು ಯಾವ ಪದಗಳು ಎಂಬುದನ್ನು ಗಮನಿಸಬೇಕು. ಹೊಸ ಭಾಷೆ ಕಲಿತಾಗಲೂ ಆ ಜನ ಬಿಟ್ಟುಕೊಡದೆ ಇಟ್ಟುಕೊಂಡದ್ದು ಕಾಡಿನ ಬದುಕಿಗೆ ಬೇಕಾದವನ್ನೇ, ಬಹುಶಃ ಅವಕ್ಕೆ ಸಾಟಿಯಾದ ಪದ ಕೃಷಿಕರ ಬಳಿ ಇರಲಿಲ್ಲ. ಆ ಬದುಕೂ ಈಗ ಮೊದಲಿನಂತಿಲ್ಲ: ಅಕಾ ಜನರ ನೆಲೆಯಾದ ಝಾಂಗಾ-ಸಾಂಘಾ ಕಾಡು 1990ರಿಂದ ರಕ್ಷಿತ. ಅಲ್ಲಿ ಆನೆಬೇಟೆಗೆ ನಿಷೇಧವಿದೆ. ಆನೆಗೆ ಈ ರಕ್ಷಣೆ ಬೇಕೇ ಬೇಕು. ತೂಮಾ ಎಂಬ ಪದಕ್ಕೆ ಮಾತ್ರ ಇನ್ನು ಹೊಸ ಕೆಲಸ ಹುಡುಕಬೇಕಾಗಿದೆ.