ಭಾರತದ ನ್ಯಾಯಾಲಯಗಳಲ್ಲಿ ಅಂಗವೈಕಲ್ಯ ತಾರತಮ್ಯದ ದೂರುಗಳು

ಅಂಗವೈಕಲ್ಯದ ನೆಪದಲ್ಲಿ ಕೆಲಸ, ಪ್ರಯಾಣ, ಪರೀಕ್ಷೆ ಅಥವಾ ಸೇವೆಯನ್ನು ನಿರಾಕರಿಸಿದಾಗ ನೊಂದವರು ಸಲ್ಲಿಸುವ ದೂರುಗಳ ವಿಚಾರಣಾ ಪದ್ಧತಿ ಭಾರತದಲ್ಲಿ ರೂಪುಗೊಂಡದ್ದು ಮುಖ್ಯವಾಗಿ 1990ರ ದಶಕದಿಂದ ಈಚೆಗೆ. ಶಾಸನ ಬರೆದವರಿಗಿಂತ ಹೆಚ್ಚಾಗಿ ದೂರುದಾರರೇ ಅದನ್ನು ಕಟ್ಟಿದರು. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂದು ಹೆಸರಿಸಿ ತಾರತಮ್ಯವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಅಂಗವೈಕಲ್ಯವಿಲ್ಲ. ಹಾಗಾಗಿ ಸಮಾನತೆಯ 14ನೇ ವಿಧಿ, ಜೀವಿಸುವ ಹಕ್ಕಿನ 21ನೇ ವಿಧಿಗಳೇ ಅರ್ಜಿದಾರರಿಗೆ ಆಸರೆಯಾದವು.

1993ರಲ್ಲಿ ರಾಷ್ಟ್ರೀಯ ಅಂಧರ ಒಕ್ಕೂಟದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ದೃಷ್ಟಿಹೀನರು ನಾಗರಿಕ ಸೇವಾ ಪರೀಕ್ಷೆಯನ್ನು ಬ್ರೈಲ್‌ನಲ್ಲಿ ಇಲ್ಲವೇ ಲಿಪಿಕಾರರ ನೆರವಿನಿಂದ ಬರೆಯಬಹುದೆಂದಿತು. ಆಗ ಅಂಗವಿಕಲರಿಗೆಂದೇ ಸಮಗ್ರ ಕಾನೂನು ಇರಲಿಲ್ಲ. ಅದು ಬಂದದ್ದು 1995ರಲ್ಲಿ. ಜಾರಿಯಾದದ್ದು 1996ರ ಫೆಬ್ರವರಿ 7ರಂದು.

ಈ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಶೇ. 3ರಷ್ಟು ಮೀಸಲಾತಿ ಕೊಟ್ಟಿತು. ದೂರು ಕೇಳಲು ಕೇಂದ್ರದಲ್ಲಿ ಮುಖ್ಯ ಆಯುಕ್ತರನ್ನೂ ರಾಜ್ಯಗಳಲ್ಲಿ ಆಯುಕ್ತರನ್ನೂ ನೇಮಿಸಿತು. ವಕೀಲರಿಲ್ಲದೆಯೂ ಆಯುಕ್ತರಿಗೆ ದೂರು ಕೊಡಬಹುದು ಎಂಬುದು ಬಡವರಿಗೆ ದೊಡ್ಡ ಅನುಕೂಲ. ಆದರೆ ಅಧಿಕಾರ ಮೊಟಕಾಗಿತ್ತು: ಮುಖ್ಯ ಆಯುಕ್ತರು ಮಧ್ಯಂತರ ತಡೆ ಕೊಡಲಾಗದು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಾರಿಗೆ ಸಂಸ್ಥೆಗಳ ಹೊಣೆಗೂ ಕಾಯ್ದೆಯಲ್ಲಿ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತಿತ್ತು. ತಪ್ಪಿಸಿಕೊಳ್ಳಬಯಸುವವರಿಗೆ ಇದಕ್ಕಿಂತ ಅಗಲವಾದ ದಾರಿ ಬೇಕಿರಲಿಲ್ಲ.

ಗಾಲಿಕುರ್ಚಿ ಬಳಸುತ್ತಿದ್ದ ಹೋರಾಟಗಾರ ಜಾವೇದ್ ಅಬಿದಿ ಆ ಷರತ್ತನ್ನು ಎದುರಿಸಿದವರಲ್ಲಿ ಮೊದಲಿಗರು. ಅವರ ಅರ್ಜಿಯ ಮೇಲೆ 1998ರ ಡಿಸೆಂಬರ್‌ನಲ್ಲಿ, ಶೇ. 80ರಷ್ಟು ಚಲನವೈಕಲ್ಯ ಇರುವವರಿಗೂ ಅಂಧರಿಗೆ ಸಿಗುತ್ತಿದ್ದ ರಿಯಾಯಿತಿ ದರವನ್ನು ಇಂಡಿಯನ್ ಏರ್‌ಲೈನ್ಸ್ ಕೊಡಬೇಕೆಂದು ಆದೇಶವಾಯಿತು. ಗೆಲುವು ನಿಜ, ಆದರೂ ಅದರ ಭಾಷೆ ಇನ್ನೂ ರಿಯಾಯಿತಿಯದು. 2003ರ ಕುನಾಲ್ ಸಿಂಗ್ ತೀರ್ಪು ಹೆಚ್ಚು ಗಟ್ಟಿ. ಕರ್ತವ್ಯದಲ್ಲಿದ್ದಾಗ ಗಾಯಗೊಂಡು ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್‌ರನ್ನು ಸೇವೆಯಿಂದ ತೆಗೆದುಹಾಕಲಾಗಿತ್ತು. ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಕೈಬಿಡುವಂತಿಲ್ಲ, ಸರಿಹೊಂದುವ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಾದರೂ ಇರಿಸಿಕೊಳ್ಳಬೇಕು ಎಂದಿತು ನ್ಯಾಯಾಲಯ.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ ವಾದದ ಧಾಟಿಯೇ ಬದಲಾಯಿತು. ಅದಕ್ಕೆ ಉತ್ತಮ ನಿದರ್ಶನ ಜೀಜಾ ಘೋಷ್ ಪ್ರಕರಣ. ಸೆರೆಬ್ರಲ್ ಪಾಲ್ಸಿ ಇರುವ ಈ ಹಕ್ಕುಗಳ ಹೋರಾಟಗಾರ್ತಿ 2012ರ ಫೆಬ್ರವರಿ 19ರಂದು ಗೋವಾದ ಸಮ್ಮೇಳನಕ್ಕೆಂದು ಕೋಲ್ಕತ್ತದಲ್ಲಿ ಸ್ಪೈಸ್‌ಜೆಟ್ ವಿಮಾನ ಹತ್ತಿ ಕುಳಿತಿದ್ದರು. ಸಿಬ್ಬಂದಿ ಅವರನ್ನು ಕೆಳಗಿಳಿಸಿದರು. ಸಮ್ಮೇಳನ ತಪ್ಪಿತು. 2016ರ ಮೇ 12ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರಿದ್ದ ಪೀಠ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೊತ್ತಕ್ಕಿಂತ ಅದರ ಕಾರಣ ಮುಖ್ಯ: ಘನತೆಗೆ ಬಿದ್ದ ಪೆಟ್ಟು ಪರಿಹಾರಕ್ಕೆ ಅರ್ಹವಾದ ನಷ್ಟ ಎಂದು ನ್ಯಾಯಾಲಯ ಒಪ್ಪಿತ್ತು.

ಅದೇ ವರ್ಷ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಯಾದ ಹೊಸ ಕಾಯ್ದೆ 21 ವೈಕಲ್ಯಗಳನ್ನು ಒಳಗೊಂಡಿತು, ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿತು. ಸೂಕ್ತ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ ಎಂದಿತು. ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ಕಾಯ್ದೆಯಡಿಯ ಅಪರಾಧಗಳ ವಿಚಾರಣೆಗೆ ಪ್ರತಿ ಜಿಲ್ಲೆಯಲ್ಲೂ ಒಂದು ಸೆಷನ್ಸ್ ನ್ಯಾಯಾಲಯವನ್ನು ವಿಶೇಷ ನ್ಯಾಯಾಲಯವಾಗಿ ಗುರುತಿಸಬೇಕು. ಆಯುಕ್ತರ ಶಿಫಾರಸನ್ನು ಒಪ್ಪದ ಪ್ರಾಧಿಕಾರ ಮೂರು ತಿಂಗಳೊಳಗೆ ಕಾರಣ ತಿಳಿಸಬೇಕು. ಆದರೂ ಅದು ಶಿಫಾರಸೇ, ಆದೇಶವಲ್ಲ. ಈ ಕೊರತೆಯಿಂದಾಗಿ ಇಂದಿಗೂ ಅನೇಕರು ಹೈಕೋರ್ಟ್‌ವರೆಗೆ ಅಲೆಯಬೇಕಾಗಿದೆ.

ಹೊಸ ಕಾಯ್ದೆಯ ಬಲ ಗೊತ್ತಾದದ್ದು 2021ರ ಫೆಬ್ರವರಿ 11ರ ವಿಕಾಸ್ ಕುಮಾರ್ ತೀರ್ಪಿನಲ್ಲಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗ ಲಿಪಿಕಾರರನ್ನು ನಿರಾಕರಿಸಿತ್ತು. ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕೆಂಬ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ ಸಂಬಂಧಿಸಿದ್ದು, ಸೂಕ್ತ ಅನುಕೂಲ ಪಡೆಯಲು ಅದು ಅಡ್ಡಿಯಾಗಬಾರದು ಎಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ತೀರ್ಮಾನಿಸಿತು.

ನ್ಯಾಯಾಲಯಗಳು ತಮ್ಮ ಬಾಗಿಲನ್ನೂ ಅಗಲ ಮಾಡಿಕೊಳ್ಳಬೇಕಿತ್ತು. ಶ್ರವಣದೋಷವುಳ್ಳ ಬೆಂಗಳೂರಿನ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟ್‌ನ ಕಲಾಪದಲ್ಲಿ ಸಂಜ್ಞಾಭಾಷೆಯ ದುಭಾಷಿಯೊಂದಿಗೆ ಹಾಜರಾದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸಾರಾ ದುಭಾಷಿಯ ಮೂಲಕ ಮಂಡಿಸಿದ ವಾದವನ್ನು ದಾಖಲಿಸಿಕೊಂಡರು. ದೃಷ್ಟಿಹೀನರನ್ನು ನ್ಯಾಯಾಧೀಶ ಹುದ್ದೆಯಿಂದ ದೂರವಿಟ್ಟಿದ್ದ ಮಧ್ಯಪ್ರದೇಶದ ನಿಯಮದ ವಿರುದ್ಧ ಅಭ್ಯರ್ಥಿಯೊಬ್ಬರ ತಾಯಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ಕಾಗದವೇ ಅರ್ಜಿಯಾಯಿತು, 2025ರ ಮಾರ್ಚ್ 3ರಂದು ಆ ನಿಷೇಧ ರದ್ದಾಯಿತು.

ಈಚಿನ ದೂರುಗಳು ಮೊಬೈಲ್ ಪರದೆಯತ್ತ ತಿರುಗಿವೆ. ಬ್ಯಾಂಕಿನ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂದರೆ ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗೆ ಹಾನಿಯಾದವರು ಏನು ಮಾಡಬೇಕು? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆಯನ್ನು 21ನೇ ವಿಧಿಯ ಭಾಗವೆಂದು ಸಾರಿ, ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನಗಳೂ ಸೇರಿದಂತೆ 20 ನಿರ್ದೇಶನಗಳನ್ನು ನೀಡಿತು.