ದುರ್ಗದ ಸೀಮೆ ಕಂಡುಕೊಂಡ ಕೆಲಸದ ದಾರಿಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಹೊಸತನದ ಮಾತು ಬಂದರೆ ಈಗ ಎಲ್ಲರೂ ಚಳ್ಳಕೆರೆಯ ಕಡೆ ಕೈ ತೋರಿಸುತ್ತಾರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅದೇ ತಾಲ್ಲೂಕಿನಲ್ಲಿ 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಶುರುವಾಯಿತು. ಈ ಸಂಸ್ಥೆಗಳ ಮಹತ್ವವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಒಪ್ಪಲಾಗದ್ದು ಅವುಗಳ ಬೆನ್ನಿಗೇ ಬರುವ ಇನ್ನೊಂದು ಮಾತನ್ನು: ಹೊಸ ಕೆಲಸದ ರೀತಿ ಈ ಸೀಮೆಗೆ ಹೊರಗಿನಿಂದಲೇ ಬರಬೇಕು, ಇಲ್ಲಿ ಇದ್ದದ್ದು ಬರ, ಗುಳೆ ಮತ್ತು ಬಂಡೆ ಮಾತ್ರ ಎಂಬ ಮಾತು. ವಿಚಾರ ಸಂಕಿರಣಗಳಲ್ಲಿ ಇದನ್ನು ಹೇಳುವವರು ದುರ್ಗದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಗೆ ಒಂದು ಸುತ್ತು ಹಾಕಿ ಬಂದರೆ ಸಾಕು. ವ್ಯಾಪಾರ, ಕಲೆ, ಎಂಜಿನಿಯರಿಂಗ್ ಮೂರರಲ್ಲೂ ಈ ನೆಲ ತನ್ನದೇ ಆದ ದಾರಿಗಳನ್ನು ಕಂಡುಕೊಂಡಿದೆ. ಕೆಲವು ಉಳಿದಿವೆ, ಕೆಲವು ಮಣ್ಣಾಗಿವೆ. ಏಕೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಹಳೆಯ ಕಾಲದ ಬಗ್ಗೆ ಎರಡು ಮಾತು ಸಾಕು. ದುರ್ಗದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ನಾಲ್ಕನೇ ಶತಮಾನದ ಶಾಸನ ಒಂದು ಕೆರೆಯ ವಿಷಯ ಹೇಳುತ್ತದೆ. ಎಂದರೆ ಇಲ್ಲಿನ ಹಳೆಯ ಬರಹಗಳಲ್ಲೇ ನೀರಿನ ಕೆಲಸದ ಮಾತಿದೆ. ಮೇಲೆ ಕೋಟೆಯೊಳಗೆ ಪಾಳೇಗಾರರ ಕಾಲದ ಹೊಂಡಗಳಿವೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿ ಮಿಕ್ಕದ್ದು ಇನ್ನೂ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ದಾರಿ ಹಿಡಿಯುತ್ತದೆ. ಬಂಡೆಯ ಇಳಿಜಾರನ್ನೇ ಕಾಲುವೆ ಮಾಡಿಕೊಂಡ ಈ ಏರ್ಪಾಟಿಗೆ ನೀರೆತ್ತುವ ಯಂತ್ರ ಬೇಕಿರಲಿಲ್ಲ. ಕೋಟೆಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳು ಇವತ್ತಿಗೂ ಕಾಣುತ್ತವೆ. ಕಲ್ಲು ಸೀಳಿದ ಕೈಗಳ ಗುರುತು ಅದು. ಪ್ರವಾಸಿಗಳಿಗೆ ಒನಕೆ ಓಬವ್ವನ ಕಿಂಡಿ ತೋರಿಸುವವರು ಈ ಗುಳಿಗಳ ಹತ್ತಿರವೂ ನಿಲ್ಲಬೇಕು.

ಹೊಸದುರ್ಗ ತಾಲ್ಲೂಕಿನ ಮತ್ತೋಡು ಇನ್ನೂ ಹೆಚ್ಚು ಗಮನ ಬೇಡುತ್ತದೆ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಊರಿನಲ್ಲಿ ಗಾಜಿನ ಬಳೆ ತಯಾರಾಗುವುದನ್ನು ಕಂಡು ವಿವರವಾಗಿ ಬರೆದಿಟ್ಟ. ಕುಲುಮೆಗಳು ಊರ ಕೋಟೆಗೋಡೆಗೆ ಆತುಕೊಂಡಿದ್ದವು. ಸುತ್ತಲ ನೆಲದ ಮೇಲೆ ಬೇಸಿಗೆಯಲ್ಲಿ ಬೆಳ್ಳಗೆ ಏಳುವ ಸೌಳನ್ನು ಗುಡಿಸಿ ತಂದು, ಬೆಣಚುಕಲ್ಲಿನ ಪುಡಿಯ ಜೊತೆ ಕಾಯಿಸಿ ಗಾಜು ಮಾಡುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳು ಅಲ್ಲಿಂದ ಪೇಟೆಗೆ ಹೋಗುತ್ತಿದ್ದವು. ಬೇಸಾಯಗಾರ ಶಪಿಸುವ ಚೌಳು ನೆಲ ಇಲ್ಲಿ ಕಚ್ಚಾವಸ್ತುವಾಗಿತ್ತು. ನೆಲದ ದೋಷದಿಂದಲೇ ಸರಕು ತೆಗೆಯುವ ಇಂಥ ವ್ಯಾಪಾರಬುದ್ಧಿಗೆ ಇಂದಿನ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಬೇರೆ ದೇಶಗಳ ಉದಾಹರಣೆ ಕೊಡುತ್ತಾರೆ. ಮತ್ತೋಡಿನ ಹೆಸರು ಅಲ್ಲಿ ಕೇಳಿಸುವುದಿಲ್ಲ. ಆ ಕಸುಬು ಕುಟುಂಬಗಳ ಒಳಗೇ ಇತ್ತು, ಕುಟುಂಬಗಳು ಕೈಬಿಟ್ಟ ಮೇಲೆ ಹೋಯಿತು. ಅದರ ಬಗ್ಗೆ ತಿಳಿಯಲು ಇವತ್ತು ಒಬ್ಬ ಪರದೇಶಿ ವೈದ್ಯನ ದಿನಚರಿಯನ್ನು ತೆರೆಯಬೇಕು.

ಮಾರಿಕಣಿವೆಯದು ಬೇರೆ ತರಹದ ಮರೆವು. ಹಿರಿಯೂರಿನ ಬಳಿ ವೇದಾವತಿಗೆ ಎರಡು ಬೆಟ್ಟಗಳ ಸಂದಿನಲ್ಲಿ ಕಟ್ಟಿದ ವಾಣಿವಿಲಾಸ ಸಾಗರವನ್ನು ತೋರಿಸಿ ‘ಇದೂ ವಿಶ್ವೇಶ್ವರಯ್ಯನವರದೇ’ ಎನ್ನುವವರು ಹಿರಿಯೂರಿನಲ್ಲೇ ಸಿಗುತ್ತಾರೆ. ಕೆಲಸ ಆರಂಭವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದ ಕಾಲದಲ್ಲಿ ಕೈಗೆತ್ತಿಕೊಂಡ ಈ ಅಣೆಕಟ್ಟೆಯೇ ಮೈಸೂರು ಸಂಸ್ಥಾನಕ್ಕೆ ದೊಡ್ಡ ಕಲ್ಲುಕಟ್ಟಡದ ಜಲಾಶಯದ ಮೊದಲ ಪಾಠ ಕಲಿಸಿತು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾದಾಗ ಸಂಸ್ಥಾನದ ಬಳಿ ಆ ಅನುಭವ ಇತ್ತು. ಕಲ್ಲು, ಸುಣ್ಣದ ಗಾರೆ, ಒಂದೇ ಕಡೆ ವರ್ಷಗಟ್ಟಲೆ ನೆಲೆ ನಿಂತ ಕೂಲಿಕಾರರ ಪಾಳೆಯ: ಇಷ್ಟನ್ನೂ ಒಂದು ಲೆಕ್ಕಾಚಾರದೊಳಗೆ ತಂದದ್ದು ಮಾರಿಕಣಿವೆಯ ಸಾಧನೆ. ಸುಮಾರು 30 ಟಿಎಂಸಿ ಅಡಿ ಹಿಡಿಯುವ ಈ ಜಲಾಶಯ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿದಾಗ ಭದ್ರೆಯಿಂದ ಹಾಯಿಸಿದ ನೀರಿನ ಪಾಲೂ ಅದರಲ್ಲಿತ್ತು.

ಅಣೆಕಟ್ಟೆ ಮುಗಿದ ಮೇಲಿನ ದಶಕಗಳನ್ನು ಬೇಗ ದಾಟಬಹುದು. ಇಂಗಳದಾಳಿನ ತಾಮ್ರದ ಗಣಿ ಬಂತು, ಹಿರಿಯೂರಿನ ಸಕ್ಕರೆ ಕಾರ್ಖಾನೆ ಬಂತು. ಎರಡೂ ಬಾಗಿಲು ಹಾಕಿದವು. ಅಲ್ಲಿ ದುಡಿದವರು ಕಲಿತದ್ದು ಅವರ ಜೊತೆಗೇ ಮನೆಗೆ ಹೋಯಿತು.

ಕಲೆಯ ಕಡೆ ಈ ಕಾಲದಲ್ಲೇ ಎರಡು ಬೀಜ ಬಿದ್ದವು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ 1943ರಲ್ಲಿ ಬಂದ ರಾಘವೇಂದ್ರ ಸ್ವಾಮೀಜಿ ಯೋಗ ಮತ್ತು ಆಯುರ್ವೇದವನ್ನು ಆಶ್ರಮದ ಗೋಡೆಯೊಳಗೆ ಇಟ್ಟುಕೊಳ್ಳಲಿಲ್ಲ. ಊರೂರಿಗೆ ಹೋಗಿ ಶಿಬಿರ ಮಾಡಿದರು, ಜೋಳಿಗೆ ಹಿಡಿದು ಹಣ ಕೂಡಿಸಿ ಶಾಲೆ ಕಟ್ಟಿದರು, ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು. ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತ ರಾಘವೇಂದ್ರ ಪಾಟೀಲರು ‘ಸಂವಾದ’ ಪತ್ರಿಕೆ ನಡೆಸಿದರು. ಸಾಹಿತ್ಯದ ಗಂಭೀರ ಚರ್ಚೆಗೆ ಬೆಂಗಳೂರಿನ ವಿಳಾಸ ಬೇಕಿಲ್ಲ ಎಂಬುದನ್ನು ಅದು ತೋರಿಸಿತು. ಇತ್ತ ಸಿರಿಗೆರೆಯಲ್ಲಿ ಶಿವಕುಮಾರ ಸ್ವಾಮೀಜಿ ‘ಮರಣವೇ ಮಹಾನವಮಿ’ಯಂಥ ನಾಟಕವನ್ನು ಸ್ವತಃ ಬರೆದು, ರಂಗಭೂಮಿಯನ್ನು ಮಠದ ಕೆಲಸದೊಳಗೆ ತಂದರು. 1950ರಲ್ಲಿ ಜಗಳೂರಿನಲ್ಲಿ ಶುರುವಾದ, ಆ ಮಠದ ತರಳಬಾಳು ಹುಣ್ಣಿಮೆ ಉತ್ಸವ ವರ್ಷಕ್ಕೊಂದು ಊರಿಗೆ ಹೋಗುತ್ತದೆ. ವೇದಿಕೆಯೇ ಜನರ ಬಳಿ ಹೋಗಬೇಕು ಎಂಬ ಪದ್ಧತಿ ಈ ಭಾಗಕ್ಕೆ ರೂಢಿಯಾದದ್ದು ಹೀಗೆ.

ಸಿರಿಗೆರೆಯ ಬೀಜ ಮರವಾದದ್ದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ, ಹತ್ತು ವರ್ಷದ ನಂತರ, 1997ರಲ್ಲಿ, ‘ಶಿವಸಂಚಾರ’ ಎಂಬ ತಿರುಗಾಡುವ ರೆಪರ್ಟರಿಯನ್ನೂ ಕಟ್ಟಿದರು. ಸಿ.ಜಿ. ಕೃಷ್ಣಸ್ವಾಮಿಯವರಂಥ ನಿರ್ದೇಶಕರ ಒಡನಾಟ ಜೊತೆಗಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1985ರಲ್ಲೇ ‘ತಿರುಗಾಟ’ ಆರಂಭಿಸಿತ್ತು. ಮಾದರಿ ಅಲ್ಲಿಂದ ಬಂತು ಎನ್ನುವುದರಲ್ಲಿ ಅವಮಾನವೇನಿಲ್ಲ. ಆದರೆ ಮಲೆನಾಡಿನ ಅಡಿಕೆ ಸೀಮೆಯಲ್ಲಿ ಬೆಳೆದದ್ದನ್ನು ಮಳೆಯಿಲ್ಲದ ಬಯಲುಸೀಮೆಯಲ್ಲಿ, ಮಠದ ಆಸರೆಯಲ್ಲಿ, ಶಾಲಾ ಮೈದಾನ ಮತ್ತು ದೇವಸ್ಥಾನದ ಅಂಗಳಗಳ ಮೇಲೆ ನಿಲ್ಲಿಸುವುದಕ್ಕೆ ಬೇರೆಯದೇ ವ್ಯವಸ್ಥೆ ಬೇಕಿತ್ತು.

ಆ ವ್ಯವಸ್ಥೆಯನ್ನು ಹತ್ತಿರದಿಂದ ನೋಡಬೇಕು. ಕಂಪನಿ ನಾಟಕದ ಕಾಲದಲ್ಲಿ ತಂಡ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿತ್ತು. ಕಲೆಕ್ಷನ್ ಇಳಿದರೆ ನಾಟಕ ಬದಲಾಗುತ್ತಿತ್ತು, ಅದೂ ಕೈಕೊಟ್ಟರೆ ಕಲಾವಿದರ ಸಂಬಳ ನಿಲ್ಲುತ್ತಿತ್ತು. ಶಿವಸಂಚಾರದಲ್ಲಿ ಊರು ಬದಲಾಗುತ್ತದೆ, ನಾಟಕ ಬದಲಾಗುವುದಿಲ್ಲ. ವರ್ಷಕ್ಕೆ ಮೂರು ನಾಟಕ, ಬೇರೆ ಬೇರೆ ನಿರ್ದೇಶಕರು, ಒಂದೇ ಗುಂಪಿನ ಕಲಾವಿದರು. ಸಾಣೇಹಳ್ಳಿಯಲ್ಲೇ ಉಳಿದು ತಾಲೀಮು ಮಾಡಿ, ನವೆಂಬರಿನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ಹೊರಡುತ್ತಾರೆ. ಕರೆಸುವ ಊರಿನ ಸಂಘವೋ ಶಾಲೆಯೋ ಖರ್ಚಿನ ಪಾಲು, ಊಟ, ವಸತಿಯ ಹೊಣೆ ಮೊದಲೇ ಹೊರುತ್ತದೆ. ಮೂರು ನಾಟಕ ಇರುವುದರಿಂದ ಚಿಕ್ಕ ಊರೂ ಮೂರು ದಿನದ ಉತ್ಸವ ಮಾಡಬಹುದು. ಮಧ್ಯಾಹ್ನ ವಾಹನ ಬಂದು ನಿಂತರೆ ರಾತ್ರಿ ಬಿಜ್ಜಳನೋ ಬಸವಣ್ಣನೋ ಆಗುವ ಹುಡುಗನೇ ಮೊದಲು ಕಬ್ಬಿಣದ ಪೈಪು ಇಳಿಸುತ್ತಾನೆ. ನೀಲಾಂಬಿಕೆಯಾಗುವ ಹುಡುಗಿ ಉಡುಪಿನ ಪೆಟ್ಟಿಗೆಗಳನ್ನು ಎಣಿಸಿ ಸಾಲಾಗಿಡುತ್ತಾಳೆ. ದೀಪ ಕಟ್ಟುವವನು, ಪರದೆ ಬಿಗಿಯುವವನು, ಮದ್ದಳೆ ಶ್ರುತಿ ಮಾಡುವವನು ಎಲ್ಲರೂ ನಟರೇ. ನಾಟಕ ಮುಗಿದು ಊಟವಾದ ಮೇಲೆ ಅದೇ ಕೈಗಳು ಎಲ್ಲವನ್ನೂ ಬಿಚ್ಚಿ ಮರಳಿ ತುಂಬುತ್ತವೆ. ವಿಂಗಡಣೆಯಿಲ್ಲದ ಈ ದುಡಿಮೆಯಿಂದ ತಂಡ ಚಿಕ್ಕದಾಗಿಯೇ ಉಳಿಯುತ್ತದೆ, ಖರ್ಚು ಹಳ್ಳಿಯ ಕೈಗೆ ಎಟಕುತ್ತದೆ.

ಶರಣರ ವಸ್ತುವಿನ ನಾಟಕಗಳೇ ಹೆಚ್ಚು ಎಂಬ ಆಕ್ಷೇಪ ಬಹಳ ದಿನಗಳಿಂದ ಇದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೂ 2019ರ ಆಗಸ್ಟಿನಲ್ಲಿ ಸಾಣೇಹಳ್ಳಿಯ ‘ಮತ್ತೆ ಕಲ್ಯಾಣ’ ಅಭಿಯಾನ ಜಿಲ್ಲೆಯಿಂದ ಜಿಲ್ಲೆಗೆ ಹೋದಾಗ, ವಿದ್ಯಾರ್ಥಿಗಳ ಜೊತೆ ಸಂವಾದ, ಸಾಮರಸ್ಯ ನಡಿಗೆ, ಸಂಜೆಯ ಸಭೆ, ನಾಟಕ ಎಲ್ಲವನ್ನೂ ತಿಂಗಳ ಕಾಲ ಎಡೆಬಿಡದೆ ನಡೆಸಲು ಸಾಧ್ಯವಾದದ್ದು ಇಪ್ಪತ್ತು ವರ್ಷದ ಸಂಚಾರದ ಪಳಗಿದ ಶಿಸ್ತಿನಿಂದಲೇ. ಅರ್ಧವೃತ್ತದಲ್ಲಿ ಮೆಟ್ಟಿಲುಗಳು ಏರುವ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಈಗ ರಾಜ್ಯಕ್ಕೆಲ್ಲ ಗೊತ್ತು. ಅದಕ್ಕಿಂತ ದೊಡ್ಡ ಹೆಜ್ಜೆ 2008ರದು. ಆ ವರ್ಷ ಶಿವಕುಮಾರ ರಂಗಪ್ರಯೋಗ ಶಾಲೆ ಆರಂಭವಾಯಿತು. ಸಂಚಾರದಲ್ಲಿ ಕಲಿತದ್ದು ಆಗ ಪಾಠವಾಯಿತು. ಒಂದು ತಂಡದ ಕಲಾವಿದರು ಬಿಟ್ಟು ಹೋದರೂ ಕೆಲಸದ ರೀತಿ ಬಿಟ್ಟು ಹೋಗದು. ಮತ್ತೋಡಿನ ಕುಲುಮೆಗಳಿಗೆ ಸಿಗದೇ ಹೋದದ್ದು ಇದೇ.

ಎಂಜಿನಿಯರಿಂಗಿನ ಕಡೆ ಇದೇ ವರ್ಷಗಳ ಕೆಲಸವೂ ಅಷ್ಟೇ ಗಟ್ಟಿ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಕೆಳಗೆ ಗಟ್ಟಿ ಶಿಲೆ. ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ಬೋರಿನ ಮೇಲೆ ನಿಂತವು. ಒಂದು ಬತ್ತಿದರೆ ಇನ್ನೊಂದು ಕೊರೆಸುವುದು, ಅದೂ ಫೇಲಾದರೆ ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಳ್ಳುವುದು ರೂಢಿಯಾಯಿತು. ಆಗ ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿಯವರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ನೀರೆತ್ತಿದ ದಾರಿಯಲ್ಲೇ ನೀರು ಇಳಿಸಬಾರದೇಕೆ? ಬೋರಿನ ಕೇಸಿಂಗ್ ಪೈಪಿನ ಸುತ್ತ ಹತ್ತಡಿ ಉದ್ದಗಲ, ಹತ್ತಡಿ ಆಳದ ಗುಂಡಿ. ಗುಂಡಿಯೊಳಗಿನ ಪೈಪಿಗೆ ತೂತು ಕೊರೆದು ನೈಲಾನ್ ಬಲೆ ಸುತ್ತಬೇಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಜಲ್ಲಿ, ಕೊನೆಗೆ ಮರಳು. ಹಳ್ಳದ ನೀರು ನೇರ ಬರಬಾರದು, ಹೂಳು ನಿಲ್ಲಲು ಮೊದಲೊಂದು ಚಿಕ್ಕ ಗುಂಡಿ ಇರಬೇಕು. ನೋಡಲು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ಬಲೆ ಸಡಿಲವಾದರೆ ಬೋರು ಹೂಳಿನಿಂದ ತುಂಬುತ್ತದೆ, ಕೊಳಕು ನೀರು ಹರಿದರೆ ಅಂತರ್ಜಲವೇ ಕೆಡುತ್ತದೆ. ಮೇಲಿನ ಮರಳನ್ನು ವರ್ಷ ವರ್ಷ ಕೆರೆದು ಹೊಸದಾಗಿ ಹಾಕದಿದ್ದರೆ ಗುಂಡಿ ಇದ್ದೂ ಇಲ್ಲದಂತೆ. ಶ್ರೀಪಡ್ರೆಯವರು ಮತ್ತು ‘ಅಡಿಕೆ ಪತ್ರಿಕೆ’ ನಾಡಿನಾದ್ಯಂತ ಇಂಥ ನೀರಿನ ಪ್ರಯೋಗಗಳನ್ನು ಹುಡುಕಿ ಬರೆಯದಿದ್ದರೆ ಅವು ಆಯಾ ತಾಲ್ಲೂಕಿನ ಗಡಿ ದಾಟುತ್ತಿರಲಿಲ್ಲ. ಈ ಕ್ಷೇತ್ರದಲ್ಲಿ ವಿಶ್ವವಿದ್ಯಾಲಯಗಳು ಮಾಡಬೇಕಿದ್ದ ದಾಖಲೆಯ ಕೆಲಸವನ್ನು ಪುತ್ತೂರಿನ ಒಂದು ಕೃಷಿ ಮಾಸಿಕ ಮಾಡಿತು.

ಸರ್ಕಾರದ ಪಾಲೂ ಇದೆ. 2001ರಿಂದ ನಡೆದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗ ಒಂದು. ಬದು, ಚೆಕ್‌ಡ್ಯಾಮು ಎಲ್ಲಿ ಬೇಕೆಂದು ಊರಿನ ಗುಂಪುಗಳೇ ಕೂತು ನಕ್ಷೆ ಮಾಡಿದವು. ಇಸ್ರೋದ ಆಂಟ್ರಿಕ್ಸ್ ಉಪಗ್ರಹ ಚಿತ್ರಗಳ ನೆರವಿನಿಂದ ಕೆಲಸದ ಮೇಲೆ ಕಣ್ಣಿಟ್ಟಿತ್ತು. ಕೆಲಸ ಮುಗಿದ ಮೇಲೆ ತಪ್ಪು ಹುಡುಕುವ ಬದಲು ನಡೆಯುತ್ತಿರುವಾಗಲೇ ತಿದ್ದುವ ಆ ಪದ್ಧತಿ ಯೋಜನೆಯ ನಿಜವಾದ ಗಳಿಕೆ. ಯೋಜನೆ ಮುಗಿದಾಗ ಗುಂಪುಗಳೂ ಚದುರಿದವು ಎಂಬುದು ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಗೊತ್ತು.

ಈ ಸಮೀಕ್ಷೆಯಲ್ಲಿ ತುಂಬದೇ ಉಳಿದ ಜಾಗಗಳು ಹಲವು. ಕೆರೆ ಏರಿ ಕಟ್ಟಿದ, ಮಾರಿಕಣಿವೆಗೆ ಕಲ್ಲು ಹೊತ್ತ ಭೋವಿ ಕುಟುಂಬಗಳ ಲೆಕ್ಕಾಚಾರ ಎಲ್ಲೂ ಬರಹಕ್ಕಿಳಿದಿಲ್ಲ. ಸೌಳು ಗುಡಿಸಿದವರಲ್ಲಿ, ಬದು ಹಾಕಿದವರಲ್ಲಿ ಹೆಂಗಸರ ಪಾಲು ಎಷ್ಟೆಂದು ಕೇಳಿದವರು ಕಡಿಮೆ. ಬೋರಿನ ಪಾಯಿಂಟು ನೋಡುವವರು, ರಿಗ್ ನಡೆಸುವವರು ನೆಲದೊಳಗಿನ ಬಿರುಕುಗಳ ಬಗ್ಗೆ ಕಂಡದ್ದು ಯಾವ ಕಚೇರಿಯ ಕಡತಕ್ಕೂ ಸೇರಿಲ್ಲ.

ಇಂಥ ಅರಿವು ಬೇಕಾಗುವ ದೊಡ್ಡ ಕೆಲಸವೊಂದು ಮುಂದಿದೆ. ಭದ್ರಾ ಮೇಲ್ದಂಡೆ ಯೋಜನೆಗೆ ಹಂಚಿಕೆಯಾದದ್ದು 29.90 ಟಿಎಂಸಿ ಅಡಿ ನೀರು. ಅದರಿಂದ ಚಿತ್ರದುರ್ಗವೂ ಸೇರಿ ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರುಣಿಸುವ ಲೆಕ್ಕ, ಅದೂ ಹನಿ ನೀರಾವರಿಯಲ್ಲಿ. ಇಷ್ಟು ವಿಸ್ತಾರದಲ್ಲಿ ಪೈಪು, ಫಿಲ್ಟರು, ವಾಲ್ವು ನೋಡಿಕೊಳ್ಳುವವರು ಹಳ್ಳಿ ಹಳ್ಳಿಯಲ್ಲೂ ಬೇಕಾಗುತ್ತಾರೆ. ಗುತ್ತಿಗೆದಾರರ ಜೊತೆ ಬಂದವರು ಗುತ್ತಿಗೆ ಮುಗಿದ ದಿನ ಹೋಗುತ್ತಾರೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನೆಯ ನೆಲವಿದೆ. ಸಾಣೇಹಳ್ಳಿ ರಂಗಕ್ಕೆ ಮಾಡಿದ್ದನ್ನು ಅಲ್ಲಿ ನೀರಿಗೆ ಮಾಡಬಹುದು. ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಗುಂಡಿ ತೋಡಿ ಬಲೆ ಸುತ್ತಲಿ, ಮುಂಗಾರಿನಲ್ಲಿ ಬೋರಿನ ನೀರಿನ ಮಟ್ಟ ಅಳೆಯಲಿ, ಹಿಂಗಾರು ಮುಗಿದ ಮೇಲೆ ಮರಳು ಕೆರೆದು ತೂಬು ದುರಸ್ತಿ ಮಾಡಲಿ. ಕಲಿಸುವವರ ಪಟ್ಟಿಯಲ್ಲಿ ಎಂಜಿನಿಯರರ ಜೊತೆ ಒಬ್ಬ ರಿಗ್ ಚಾಲಕ, ಒಬ್ಬ ಕಲ್ಲುಕುಟಿಗ, ಏರಿ ಕಟ್ಟಿ ಗೊತ್ತಿರುವ ಒಬ್ಬ ಹಿರಿಯ ಭೋವಿ ಮೇಸ್ತ್ರಿ ಇರಲೇಬೇಕು, ಅವರಿಗೂ ಎಂಜಿನಿಯರರಷ್ಟೇ ಸಂಬಳ ಇರಬೇಕು.